ಹರಿವೆಗೆ ಚಿಮುಕಿಸಿದ ನೀರು

ಮೇ ತಿಂಗಳ ನಡುವೆ ಶಿರಸಿಯಿಂದ ಆಯಿ, ಅಂದರೆ ನನ್ನ ತಾಯಿ, ಬಂದಿದ್ದಳು. ದೇವಿಮನೆ ಘಟ್ಟ ಇಳಿದು ಕರಾವಳಿಯ ಸೆಖೆ ಮೈಗೆ ತಾಗಿತೆಂದರೆ ಅವಳಿಗೆ ಅಂಕೋಲೆಯ ಕರಿ ಈಶಾಡು ಮಾವಿನಹಣ್ಣು ಬೇಕು. ಅಷ್ಟು ತೆಳುಸಿಪ್ಪೆಯ ಹಣ್ಣನ್ನು ಘಟ್ಟದ ಮೇಲಕ್ಕೆ ಹೊತ್ತೊಯ್ದು ಕೆಡಿಸಬಾರದು, ಇಲ್ಲಿಯೇ ಕುಳಿತು ತಿನ್ನಬೇಕು ಎನ್ನುತ್ತಾಳೆ. ಹಾಗಾಗಿ ಇಬ್ಬರೂ ಸಂತೆಗೆ ಹೊರಟೆವು. ಯಾವ ಊರಿನ ಸಂತೆ ಎಂದು ಹೇಳುವುದಿಲ್ಲ. ಒಂದು ಊರನ್ನು ಬೈದು ಉಳಿದ ಊರುಗಳನ್ನು ಪಾರು ಮಾಡುವ ಮನಸ್ಸು ನನಗಿಲ್ಲ.

ಆಯಿಗೆ 73 ವರ್ಷ. ರಕ್ತದೊತ್ತಡಕ್ಕೆಂದು ಬೆಳಿಗ್ಗೆ ನುಂಗುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇದೆ. ಎಲ್ಲಿಗಾದರೂ ಹೊರಡುವ ದಿನ ಅವಳು ಆ ಮಾತ್ರೆಯನ್ನು ತಪ್ಪಿಸುತ್ತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಅಂದು ನಾನೇ ಎದುರು ನಿಂತು ನುಂಗಿಸಿದ್ದೆ.

ಹಣ್ಣು ಕೊಂಡಾಗಿತ್ತು. ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸೊಬ್ಬಳ ಮುಂದೆ ನಿಂತು ಹರಿವೆ ಆರಿಸುತ್ತಿದ್ದಾಗ ಆಯಿ ನನ್ನ ತೋಳು ಹಿಡಿದಳು. "ತಂಗಿ, ಇನ್ನು ತಡೆಯಲಾಗುವುದಿಲ್ಲ."

ಸಾರ್ವಜನಿಕ ಶೌಚಾಲಯವೊಂದು ಇತ್ತು. ಗೋಡೆಯ ಮೇಲೆ ಸ್ವಚ್ಛತೆಯ ಚಿತ್ರ ಬರೆದಿದ್ದರು. ಮಹಿಳೆಯರ ಬಾಗಿಲಿಗೆ ಬೀಗ ಹಾಕಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಎದುರಿನ ಹೊಟೇಲಿಗೆ ಓಡಿದೆ. ಊಟಕ್ಕೆ ಬಂದವರಿಗೆ ಮಾತ್ರ ಎಂದರು. ಊಟವನ್ನೇ ಮಾಡುತ್ತೇವೆ ಎಂದೆ. ನೀರಿಲ್ಲ ಎಂದರು. ಆಯಿ ಅಲ್ಲಿಯೇ ಕಂಬಕ್ಕೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ನನ್ನ ತಾಯಿಯನ್ನು ಆ ಭಂಗಿಯಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

ಸೊಪ್ಪಿನ ಹೆಂಗಸು ಕುಳಿತಲ್ಲಿಂದಲೇ ಎಲ್ಲವನ್ನೂ ನೋಡಿದ್ದಳು. ಏನೂ ಕೇಳಲಿಲ್ಲ. ಎದ್ದು ಬಂದು ಆಯಿಯ ಕೈ ಹಿಡಿದಳು.

"ತಂಗಿ, ನೀವು ನನ್ನ ಜಾಗದಲ್ಲಿ ಕುಳಿತುಕೊಳ್ಳಿ. ಹರಿವೆ ಕಟ್ಟಿಗೆ ಹತ್ತು ರೂಪಾಯಿ, ಬಸಳೆಗೆ ಇಪ್ಪತ್ತು. ಈರುಳ್ಳಿ ಕೇಳಿದವರಿಗೆ ನಾನು ಬರುವವರೆಗೆ ನಿಲ್ಲಲು ಹೇಳಿ. ಬನ್ನಿ ಅಮ್ಮಾ."

ಇಬ್ಬರೂ ಅಂಗಡಿಸಾಲಿನ ಹಿಂದಿನ ಓಣಿಯಲ್ಲಿ ಮರೆಯಾದರು. ನಾನು ಗೋಣಿಚೀಲದ ಮೇಲೆ ಕುಳಿತೆ.

ಇಪ್ಪತ್ತು ನಿಮಿಷ ಕುಳಿತಿದ್ದೆನೋ ಏನೋ. ವರ್ಷಗಟ್ಟಲೆ ಓಡಾಡಿದ ರಸ್ತೆ ಅದು, ಆದರೆ ನೆಲಕ್ಕೆ ಕುಳಿತು ಅದನ್ನು ನೋಡಿದ್ದು ಅದೇ ಮೊದಲು. ಅಲ್ಲಿಂದ ಕಾಣುವುದು ಮೊಣಕಾಲು, ಚಪ್ಪಲಿ, ಸ್ಕೂಟರಿನ ಹೊಗೆಕೊಳವೆ. ಮಾತು ಮೇಲಿನಿಂದ ಬೀಳುತ್ತದೆ. ಕೊಳ್ಳುವವರಲ್ಲಿ ಬಗ್ಗಿ ಮಾತನಾಡಿದವರು ಒಬ್ಬರೋ ಇಬ್ಬರೋ. ಉಳಿದವರು ಚಪ್ಪಲಿಯ ತುದಿಯಿಂದಲೇ ಕಟ್ಟು ತೋರಿಸಿ "ಐದಕ್ಕೆ ಕೊಡುತ್ತೀಯಾ?" ಎಂದರು. ನಾನೂ ಅದುವರೆಗೆ ನಿಂತೇ ಚೌಕಾಸಿ ಮಾಡಿದವಳು. ಪಕ್ಕದಲ್ಲಿ ಕುಳಿತಿದ್ದ ಮತ್ತೊಬ್ಬ ಹೆಂಗಸು, "ನೀರು ಚಿಮುಕಿಸಿ, ಸೊಪ್ಪು ಬಾಡುತ್ತದೆ" ಎಂದು ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯೊಂದನ್ನು ಮುಂದಿಟ್ಟಳು. ಚಿಮುಕಿಸಿದೆ. ಸ್ವಲ್ಪ ಹೊತ್ತಿಗೆ ನೆಲಬಾಡಿಗೆ ವಸೂಲಿ ಮಾಡುವವನು ಬಂದು ಚೀಟಿ ಹರಿದು ಕೊಟ್ಟ. ದುಡ್ಡು ಕೊಟ್ಟು, ಶೌಚಾಲಯದ ಬೀಗದ ಬಗ್ಗೆ ಕೇಳಿದೆ. ಅದು ತನಗೆ ಸಂಬಂಧಿಸಿದ್ದಲ್ಲ ಎಂದು ಮುಂದಿನ ಗೋಣಿಚೀಲಕ್ಕೆ ಹೋದ.

ಆಯಿ ಹಗುರಾಗಿ ನಡೆದು ಬಂದಳು. ಓಣಿಯ ಕೊನೆಯಲ್ಲಿ ಹಂಚಿನ ಮನೆ, ಅಲ್ಲಿ ಕೊಂಕಣಿ ಮಾತನಾಡುವ ವೃದ್ಧೆಯೊಬ್ಬರು ಒಂಟಿಯಾಗಿದ್ದಾರೆ. ಸಂತೆಯ ಹೆಂಗಸರಿಗೆ ಅವರು 'ಬಾಯಿ'. ಹಿತ್ತಿಲ ಬಾಗಿಲು ತೆರೆದು, ಬಕೆಟ್ಟಿನಲ್ಲಿ ನೀರು ತುಂಬಿಸಿ, ಹೊರಡುವಾಗ ಆಯಿಗೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟರಂತೆ.

"ನಿಮಗೆಲ್ಲ ದಿನವೂ ಆ ಮನೆಯೇ ಆಸರೆಯೇನು ಅಕ್ಕ?" ಎಂದು ಕೇಳಿದೆ.

"ದಿನವೂ ಹೋದರೆ ಬಾಯಿಗೆ ಬೇಸರವಾಗುವುದಿಲ್ಲವೇ? ಅದು ತೀರಾ ಅವಸರಕ್ಕೆ ಇಟ್ಟುಕೊಂಡದ್ದು."

"ಹಾಗಾದರೆ?"

"ನೀರು ಕುಡಿಯುವುದಿಲ್ಲ. ಬೆಳಗಿನ ಜಾವ ಗಂಜಿ ಉಂಡು ಮೊದಲ ಬಸ್ಸಿಗೆ ಬಂದರೆ ಮತ್ತೆ ನೀರು ಮನೆಗೆ ಹೋದ ಮೇಲೆಯೇ."

ಮೇ ತಿಂಗಳು, ಕರಾವಳಿ, ಬಿಸಿಲಿಗೆ ಒಂದು ಹರಕು ಕೊಡೆ. ನನ್ನ ಕೈಯಲ್ಲಿ ಇನ್ನೂ ಆ ಬಾಟಲಿ ಇತ್ತು. ಇಡೀ ದಿನ ಅವಳು ಆ ನೀರನ್ನು ಹರಿವೆಗೆ ಚಿಮುಕಿಸುತ್ತಾಳೆ, ತಾನು ಒಂದು ಗುಟುಕು ಕುಡಿಯುವುದಿಲ್ಲ. ಹೀಗೆ ನೀರು ಬಿಟ್ಟು, ಮೂತ್ರ ತಡೆದು ದಿನ ಕಳೆದರೆ ಉರಿಮೂತ್ರ, ಮೂತ್ರನಾಳದ ಸೋಂಕು, ಮೂತ್ರಪಿಂಡದ ಕಲ್ಲು ಬೆನ್ನು ಹತ್ತುತ್ತವೆ ಎಂದು ಯಾವ ವೈದ್ಯರೂ ಹೇಳುತ್ತಾರೆ. ಅವಳಿಗೂ ಅದು ಗೊತ್ತಿತ್ತು. ಎರಡು ಸಲ ಆಸ್ಪತ್ರೆ ಕಂಡಿದ್ದಾಳೆ. ತನ್ನ ಅವಸರಕ್ಕೆಂದು ಜೋಪಾನ ಮಾಡಿಟ್ಟುಕೊಂಡ ಬಾಗಿಲನ್ನು ಅಂದು ಹೆಸರೂ ಕೇಳದೆ ನನ್ನ ತಾಯಿಗೆ ತೆರೆಸಿಕೊಟ್ಟಿದ್ದಳು.

ನಮ್ಮ ಉತ್ತರ ಕನ್ನಡ ಸುಸಂಸ್ಕೃತ ಜಿಲ್ಲೆ ಎಂದು ನಾವು ಎದೆ ತಟ್ಟಿ ಹೇಳುತ್ತೇವೆ. 2011ರ ಜನಗಣತಿಯಂತೆ ಇಲ್ಲಿ ನೂರಕ್ಕೆ 84 ಮಂದಿ ಅಕ್ಷರಸ್ಥರು. ಊರೂರಿಗೆ ಯಕ್ಷಗಾನ, ತಾಳಮದ್ದಳೆ. ಅಂಕೋಲೆ ತಾಲ್ಲೂಕಿನ ಇಬ್ಬರು ಹಾಲಕ್ಕಿ ಹೆಂಗಸರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು: 2017ರಲ್ಲಿ ಹಾಡುಗಳ ಸುಕ್ರಿ ಬೊಮ್ಮಗೌಡರಿಗೆ, ಆಮೇಲೆ ಗಿಡಗಳ ತುಳಸಿ ಗೌಡರಿಗೆ. 2021ರ ನವೆಂಬರಿನಲ್ಲಿ ತುಳಸಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದುಬಂದುದನ್ನು ನೋಡಿ ನಾನು ಅತ್ತಿದ್ದೆ. ಇಬ್ಬರೂ ಈಗ ಇಲ್ಲ. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ ಅದೇ ಉಡುಗೆಯ, ಅದೇ ಮಣಿಸರದ ಹೆಂಗಸು ನಮ್ಮ ಪೇಟೆಯಲ್ಲಿ ಹತ್ತು ಗಂಟೆ ಬಾಯಾರಿ ಕುಳಿತಿರುವುದು ನನಗೆ ಕಂಡಿರಲಿಲ್ಲ. ನಾಗರಿಕ ಎಂಬ ಮಾತಿನೊಳಗೆ ನಗರ ಇದೆ. ಹಳ್ಳಿಯಿಂದ ಬಂದವರಿಗೆ ನಗರ ಮೊದಲು ತೋರಿಸಬೇಕಾದ ಮರ್ಯಾದೆ ಯಾವುದು? ಅಂದಿನಿಂದ ನನಗೆ ಆ ಪದ ಕೇಳಿದಾಗಲೆಲ್ಲ ತುಕ್ಕು ಹಿಡಿದ ಬೀಗವೇ ಎದುರಿಗೆ ಬರುತ್ತದೆ.

ಕಾನೂನು ಇಲ್ಲದೆ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಅದನ್ನು ಬರೆದವರಿಗೆ ವಿಷಯ ತಿಳಿದಿತ್ತೆಂದು ನಾನು ನಂಬುತ್ತೇನೆ. ಆ ಕುರ್ಚಿಯಲ್ಲಿ ಈ ಹೆಂಗಸು ಕುಳಿತರೆ ಮೊದಲ ಸಭೆಯಲ್ಲೇ ಕೀಲಿಯ ಮಾತು ಬರುತ್ತದೆ. ಗಂಡಸರಿಗೆ ಆ ಮಾತು ಹೊಳೆಯುವುದು ಕಷ್ಟ, ಅವರಿಗೆ ಊರಿನ ಎಲ್ಲ ಗೋಡೆಗಳೂ ಇವೆ.

ರಾತ್ರಿ ಹಣ್ಣು ಹೆಚ್ಚುತ್ತ ಕುಳಿತಿದ್ದ ಆಯಿ ಕೈ ನಿಲ್ಲಿಸಿದಳು. "ನಮ್ಮ ಮನೆಯ ತೋಟಕ್ಕೆ ಎಷ್ಟು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಬೆಳಿಗ್ಗೆ ಬಂದವರು ಸಂಜೆಯವರೆಗೆ ಇರುತ್ತಿದ್ದರು. ಅಂಗಳದ ಕೊನೆಯಲ್ಲಿ ನಿಲ್ಲಿಸಿ ಮೇಲಿನಿಂದ ನೀರು ಹೊಯ್ಯುತ್ತಿದ್ದೆವು. ನೀವು ಎಲ್ಲಿಗೆ ಹೋಗುತ್ತೀರಿ ಎಂದು ಒಂದು ದಿನವೂ ನಾನು ಕೇಳಲಿಲ್ಲ." ನಾನು ಏನೂ ಹೇಳಲಿಲ್ಲ. ಸಮಾಧಾನ ಹೇಳುವುದು ಅವಳ ಮಾತಿಗೆ ಅವಮಾನವಾಗುತ್ತಿತ್ತು. ಮರುದಿನ ಬೆಳಿಗ್ಗೆ ಅವಳೇ ಕರೆದು, ಶೌಚಾಲಯದ ಬೀಗದ ಬಗ್ಗೆ ನಾನು ಬರೆಯುವ ಅರ್ಜಿಯಲ್ಲಿ ತನ್ನ ಸಹಿಯೂ ಇರಲಿ ಎಂದಳು.

ಅರ್ಜಿ ಬರೆದೆವು. ಮುದ್ರೆ ಒತ್ತಿದ ಸ್ವೀಕೃತಿ ಚೀಟಿ ನನ್ನ ಹತ್ತಿರ ಇದೆ.

ಆಯಿ ಶಿರಸಿಗೆ ಮರಳಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ಸಂತೆಗೆ ಹೋದೆ. ಮಳೆ ಇನ್ನೇನು ಹಿಡಿಯುವುದರಲ್ಲಿತ್ತು. ಬೀಗ ಹಾಗೆಯೇ ಇತ್ತು. ಕುಕ್ಕರುಗಾಲಿನಲ್ಲಿ ಕುಳಿತು ಸೊಪ್ಪು ಕೊಂಡೆ. ಅವಳು ಗುರುತು ಹಿಡಿದು ಅಮ್ಮನ ಆರೋಗ್ಯ ವಿಚಾರಿಸಿದಳು. ಬಾಯಿ ಹೇಗಿದ್ದಾರೆ ಎಂದು ಕೇಳಿದೆ.

"ಮಳೆಗಾಲಕ್ಕೆ ಮಗ ಪುಣೆಗೆ ಕರೆದುಕೊಂಡು ಹೋಗುತ್ತಾನಂತೆ. ಮನೆಗೆ ಬೀಗ ಹಾಕುತ್ತಾರೆ."

"ಹಾಗಾದರೆ ನಿಮಗೆಲ್ಲ?"

ಅವಳು ಬಾಟಲಿ ಎತ್ತಿಕೊಂಡು ಹರಿವೆಗೆ ನೀರು ಚಿಮುಕಿಸಿದಳು.