ಅರವತ್ತಾರು ಚೀಲ

ಕಳೆದ ದೀಪಾವಳಿ ಮುಗಿದ ವಾರ, ರಜೆಗೆಂದು ಹುಬ್ಬಳ್ಳಿಯಿಂದ ಶಿಗ್ಗಾವಿ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದವನು, ಕಾಕಾನ ಜೊತೆ ಗೋವಿನಜೋಳದ ಟ್ರ್ಯಾಕ್ಟರ್ ಹತ್ತಿ ಹಾವೇರಿಯ ಎ.ಪಿ.ಎಂ.ಸಿ.ಗೆ ಹೊರಟೆ. ನಾನು ಕುಳಿತದ್ದು ಮಡ್‌ಗಾರ್ಡಿನ ಮೇಲೆ. ಅದೂ ಅಪರಾಧವೇ, ಆದರೆ ಅಂದು ದೊಡ್ಡ ತಪ್ಪಿನ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಾಲ್ಕು ಗಾಲಿಯ ಟ್ರೇಲರಿನಲ್ಲಿ 86 ಚೀಲಗಳಿದ್ದವು. ಒಂದೇ ಸಲಕ್ಕೆ ಒಯ್ದರೆ ಎರಡನೆಯ ಸುತ್ತಿನ ಡೀಸೆಲ್ ಉಳಿಯುತ್ತದೆ ಎಂಬುದು ಕಾಕಾನ ಲೆಕ್ಕ. "ಇಷ್ಟು ಹೇರಬಹುದೇನು?" ಎಂದು ಕೇಳಿದ್ದಕ್ಕೆ, "ಸುಮ್ನ ಕುಂದ್ರೋ ತಮ್ಮಾ, ಇದು ಐದ ಟನ್ನಿನ ಟ್ರೇಲರ್ ಐತಿ. ಚೀಲಕ್ಕ ಅರವತ್ತ ಕೇಜಿ ಹಿಡಿ, ಐದ ಟನ್ನಿಗೆ ಸ್ವಲ್ಪ ಮ್ಯಾಲ ಆಗ್ತೈತಿ" ಎಂದು ಗಾಲಿಗೆ ಕಾಲಿನಿಂದ ಒದ್ದು ತೋರಿಸಿದ. ಟೈರಿನ ಪಕ್ಕ ನೆಲದ ಹತ್ತಿರ ಉಬ್ಬಿದ್ದುದನ್ನೂ, ಬಿಲ್ಲಿನಂತೆ ಬಾಗಿರಬೇಕಾದ ಸ್ಪ್ರಿಂಗಿನ ಪ್ಲೇಟುಗಳು ನೆಟ್ಟಗೆ ಚಪ್ಪಟೆಯಾಗಿದ್ದುದನ್ನೂ ನಾನು ಕಂಡಿದ್ದೆ. ಕಂಡೂ ಬಾಯಿ ಮುಚ್ಚಿಕೊಂಡೆ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂಕಾಪುರ ದಾಟುವವರೆಗೆ ಎಲ್ಲವೂ ಸರಿಯಿತ್ತು. ವರದಾ ನದಿಯ ಕಡೆಗೆ ರಸ್ತೆ ಇಳಿಯತೊಡಗಿದಾಗ ಮಾತ್ರ ಹಿಂದಿನಿಂದ ಯಾರೋ ತಳ್ಳಿದಂತಾಗಿ, ಕೊಂಡಿಯ ಪಿನ್ನು ಕಟಕಟ ಸದ್ದು ಮಾಡಿತು. ನಮ್ಮ ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲ. ಹಿಂದಿನ ಭಾರವನ್ನೆಲ್ಲ ಟ್ರ್ಯಾಕ್ಟರಿನ ಎರಡು ದೊಡ್ಡ ಗಾಲಿಗಳೇ ತಡೆಯಬೇಕು. ಅವು ಜಾರಿದರೆ ಟ್ರೇಲರ್ ಮುಂದೆ ನುಗ್ಗಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತದೆ. ಕಾಕಾ ಮಾತು ನಿಲ್ಲಿಸಿ ಕೆಳಗಿನ ಗೇರಿಗೆ ಇಳಿಸಿದ. ಅವನ ಕೈಯ ನರಗಳು ಉಬ್ಬಿದ್ದವು.

ಸೇತುವೆ ದಾಟಿದ ಮೇಲೆ ಸಾರಿಗೆ ಅಧಿಕಾರಿಗಳ ಜೀಪು ನಿಂತಿತ್ತು. ಅಧಿಕಾರಿ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಚಪ್ಪಟೆಯಾದ ಪ್ಲೇಟುಗಳನ್ನು ಬಗ್ಗಿ ನೋಡಿ, ಗಾಡಿಗಳನ್ನು ತೂಗುವ, ಮುಂದಿರುವ ಕಾಟಾಕ್ಕೆ ನಡೆಯಿರಿ ಎಂದರು. ಹೆಚ್ಚು ಭಾರದ ಅನುಮಾನ ಬಂದರೆ, ಸಾಗುವ ದಾರಿಯಲ್ಲಿ 10 ಕಿಲೋಮೀಟರಿನೊಳಗಿರುವ ಕಾಟಾಕ್ಕೆ ಗಾಡಿಯನ್ನು ಒಯ್ಯಲು ಹೇಳುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆಯ 114ನೆಯ ಕಲಮು ಕೊಟ್ಟಿದೆ. ತೂಕಕ್ಕೆ ಒಪ್ಪದೆ ಹೋದರೆ 40,000 ರೂಪಾಯಿ ದಂಡ. ಕಾಕಾ ತಕರಾರಿಲ್ಲದೆ ಹೊರಟ. ತೂಕದ ವಿಷಯದಲ್ಲಿ ಅವನಿಗೆ ಅಷ್ಟು ಭರವಸೆಯಿತ್ತು.

ಟ್ರ್ಯಾಕ್ಟರನ್ನು ಕಾಟಾದ ಹಲಗೆಯಿಂದ ಮುಂದಕ್ಕೆ ಎಳೆಸಿ, ಟ್ರೇಲರಿನ ನಾಲ್ಕು ಗಾಲಿಗಳನ್ನಷ್ಟೇ ಮೇಲೆ ನಿಲ್ಲಿಸಿದರು. ಕೆಂಪು ಅಂಕಿಗಳು ಕುಣಿದು 7,240ಕ್ಕೆ ನಿಂತವು. ನೋಂದಣಿ ಪತ್ರವಾದ ಆರ್.ಸಿ.ಯಲ್ಲಿ ಟ್ರೇಲರಿನ ಭರ್ತಿ ತೂಕ 6,000 ಕೆ.ಜಿ., ಖಾಲಿ ತೂಕ 1,650. "ಐದ ಟನ್ನಿಂದು ಅಂತ ಕೊಟ್ಟಾರ್ರೀ ಸಾಹೇಬ್ರ" ಎಂದ ಕಾಕಾ. "ಭರ್ತಿ ತೂಕದಾಗ ಟ್ರೇಲರಿನ ಸ್ವಂತ ತೂಕಾನೂ ಸೇರಿರ್ತೈತ್ರಿ ಯಜಮಾನ್ರ. ಮಾಲು ಹೇರಾಕ ಉಳಿಯೂದು 4,350 ಅಷ್ಟ" ಎಂದು ಅಧಿಕಾರಿ ಆರ್.ಸಿ.ಯ ಮೇಲೆ ಬೆರಳಿಟ್ಟರು. ಹನ್ನೊಂದು ವರ್ಷಗಳಿಂದ ಆ ಕಾಗದ ಕಾಕಾನ ಟ್ರಂಕಿನಲ್ಲಿತ್ತು, ನಾಲ್ಕು ಅಕ್ಷರ ಓದಿದ ನಾನೂ ಅದನ್ನು ಬಿಚ್ಚಿ ನೋಡಿರಲಿಲ್ಲ.

ಚೀಲದ ಲೆಕ್ಕವೂ ತಪ್ಪಿತ್ತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಿದ್ದರಿಂದ ಕಾಳಿನಲ್ಲಿ ಇನ್ನೂ ಹಸಿ ಇತ್ತು. ಖರೀದಿಯಲ್ಲಿ ಒಪ್ಪುವ ತೇವಾಂಶ 14 ಪ್ರತಿಶತ. ನಮ್ಮದು ಅದಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಅರವತ್ತೆಂದುಕೊಂಡ ಚೀಲ ಸರಾಸರಿ 65 ಕೆ.ಜಿ. ತೂಗಿತು. ಪೇಟೆಯಲ್ಲಿ ದರ ಕಡಿಯಲಿದ್ದ ಅದೇ ನೀರಿಗೆ ದಾರಿಯಲ್ಲಿಯೂ ತೆರಬೇಕಾಯಿತು.

ಕಾಕಾನಿಗೆ ನೆನಪಿದ್ದುದು 2,000 ರೂಪಾಯಿಯ ಹಳೆಯ ದಂಡ. 2019ರ ಸೆಪ್ಟೆಂಬರ್ 1ರಿಂದ 194ನೆಯ ಕಲಮಿನಲ್ಲಿ ಅದು 20,000 ಆಗಿದೆ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಇಳಿಸುವ ಖರ್ಚೂ ನಮ್ಮದೇ. ಇಳಿಸಬೇಕಾದ 20 ಚೀಲವೆಂದರೆ 13 ಕ್ವಿಂಟಲ್. ಅಂದಿನ 2,100ರ ದರದಲ್ಲಿ ಅದರ ಬೆಲೆ 27,300 ರೂಪಾಯಿ. ಕಾಕಾ ಈ ಲೆಕ್ಕವನ್ನು ಕಾಟಾ ಚೀಟಿಯ ಹಿಂದೆಯೇ ಬರೆದು, ನನಗೆ ತೋರಿಸದೆ ಜೇಬಿಗಿಟ್ಟುಕೊಂಡ.

ಕಾಟಾದ ಹುಡುಗರಿಬ್ಬರನ್ನು ಕರೆದು ಚೀಲಗಳನ್ನು ಪಕ್ಕದ ಚಹಾದಂಗಡಿಯ ಕಟ್ಟೆಗೆ ಇಳಿಸಿದೆವು. ಮೂರನೆಯ ಚೀಲಕ್ಕೇ ನನ್ನ ಸೊಂಟ ಹಿಡಿಯಿತು. ಮತ್ತೆ ತೂಗಿದಾಗ 5,940 ಬಂತು, ಗಾಡಿ ಬಿಟ್ಟರು. ಕಾಕಾ ಪೇಟೆಗೆ ಹೋದ, ನಾನು ಬಾಡಿಗೆಯ ಪಿಕಪ್ ಬರುವ ತನಕ ಕಟ್ಟೆಯ ಮೇಲೆ ಚೀಲ ಕಾಯುತ್ತ ನಾಲ್ಕು ಚಹಾ ಕುಡಿದೆ. ಉಳಿಸಬೇಕೆಂದಿದ್ದ ಡೀಸೆಲ್ಲಿಗಿಂತ ಪಿಕಪ್ಪಿನ ಬಾಡಿಗೆಯೇ ಹೆಚ್ಚಾಯಿತು.

ಮುಂದಿನ ವಾರ ಎರಡನೆಯ ಹೇರು. ಟ್ರೇಲರಿನ ಒಳಬದಿಯಲ್ಲಿ ಬಿಳಿ ಬಣ್ಣದಿಂದ 4,350 ಎಂದು ಬರೆಸಲಾಗಿತ್ತು. ಅರವತ್ತಾರನೆಯ ಚೀಲಕ್ಕೆ ಕಾಕಾ ಕೈ ಎತ್ತಿದ. ಇನ್ನೂ ಅಷ್ಟು ಜಾಗವಿರುವಾಗ ಯಾಕೆ ನಿಲ್ಲಿಸಿದಿರೆಂದು ಹಮಾಲರು ಮುಖ ಮುಖ ನೋಡಿಕೊಂಡರು. ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಿದ್ದ ಕಾಕಾ ತಟ್ಟನೆ ನನ್ನ ಕಡೆ ತಿರುಗಿ, "ತಮ್ಮಾ, ಈ ತಾಡಪತ್ರಿ ತೂಕ ಹಿಡದಿ ಇಲ್ಲೋ?" ಎಂದ. ನಾನು ಹಿಡಿದಿರಲಿಲ್ಲ.