ತಮ್ಮನ ದವಡೆ ಹಲ್ಲು

ನಮ್ ತಮ್ಮನಿಗೆ ಹಿಮೋಫಿಲಿಯಾ ಎ, ಅಂದ್ರೆ ರಕ್ತದಲ್ಲಿ ಹೆಪ್ಪುಗಟ್ಟಿಸೋ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಕಮ್ಮಿ. ಹೋದ ಸಲ ಒಂದು ಕ್ಲಿನಿಕ್‌ನಲ್ಲಿ ನಾವು ಹೇಳಿದ್ರೂ ಕೇಳ್ದೆ ದವಡೆ ಹಲ್ಲು ಕಿತ್ತು ಹತ್ತಿ ಇಟ್ಟು ಕಳಿಸಿಬಿಟ್ರು, ಸಂಜೆ ನಿಂತಂಗಿತ್ತು, ಬೆಳಗಿನ ಜಾವ ನೋಡಿದ್ರೆ ದಿಂಬೆಲ್ಲಾ ರಕ್ತ, ಬಾಯಲ್ಲಿ ಕಪ್ಪು ಗಡ್ಡೆ, ಅಮ್ಮನ ಕೈ ನಡುಗ್ತಿತ್ತು. ಎಂಜಲಲ್ಲೇ ಹೆಪ್ಪು ಕರಗಿಸೋ ಗುಣ ಇದೆ, ಅದನ್ನ ತಡೆಯೋಕೇ ಟ್ರಾನೆಕ್ಸಾಮಿಕ್ ಆಸಿಡ್ ಬೇಕು.

ಈ ಸಲ ಹೆಮಟಾಲಜಿಸ್ಟು (ರಕ್ತದ ಕಾಯಿಲೆ ಡಾಕ್ಟ್ರು), ಡೆಂಟಲ್ ಸರ್ಜನ್ನು ಮೊದ್ಲೇ ಮಾತಾಡ್ಕೊಂಡು, ಮರಗಟ್ಟಿಸೋ ಇಂಜೆಕ್ಷನ್‌ಗೂ ಮುಂಚೆ ಫ್ಯಾಕ್ಟರ್ ಹಾಕಿ, ಹಲ್ಲು ಕಿತ್ತು ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಮಾತ್ರೆ 7 ದಿನ ಕೊಟ್ರು. ನೋವಿಗೆ ಪ್ಯಾರಸಿಟಮಾಲ್ ಮಾತ್ರ, ಆಸ್ಪಿರಿನ್, ಬ್ರೂಫೆನ್ ಮುಟ್ಟಂಗೇ ಇಲ್ಲ, ಊಟಕ್ಕೆ ತಣ್ಣಗಿನ ರಾಗಿ ಗಂಜಿ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ದಿಂಬು ನೋಡ್ದೆ, ಬೆಳ್ಳಗಿತ್ತು.