"ಅಕ್ಕಾರ, ಇನ್ನ ಎಷ್ಟ ಏರ ಐತ್ರಿ?"

ಕಳೆದ ವರ್ಷ ಜುಲೈ. ಪುಣೆಯಿಂದ ಸೈಕಲ್ ಮೇಲೆ ಹೊರಟು ಪಿರಂಗುಟ್ ಮತ್ತು ಮುಠಾ ದಾಟಿ, ಟೇಮ್‌ಘರ್ ಅಣೆಕಟ್ಟಿನ ಹತ್ತಿರ ಲವಾಸಾ ಏರು ಹತ್ತುತ್ತಿದ್ದೆವು. ಜೋರು ಮಳೆ. ಹಿಂದೆ ಬರುತ್ತಿದ್ದ ನಿಪ್ಪಾಣಿಯ ಹುಡುಗ ಕೂಗಿ ಕೇಳಿದ: "ಅಕ್ಕಾರ, ಇನ್ನ ಎಷ್ಟ ಏರ ಐತ್ರಿ?"

ನನಗೂ ಗೊತ್ತಿರಲಿಲ್ಲ. ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡಿದ್ದೆ. ಮಳೆಹನಿ ಬಿದ್ದಾಗಲೆಲ್ಲ ಸ್ಕ್ರೀನ್ ಅದನ್ನೇ ಬೆರಳು ಅಂದುಕೊಂಡು ಏನೇನೋ ತೆರೆಯುತ್ತಿತ್ತು. ನಕ್ಷೆ ಎಲ್ಲಿಗೋ ಸರಿದಿತ್ತು. ಒರೆಸೋಣ ಅಂದ್ರೆ ಕೈಗವಸೂ ಒದ್ದೆ. ಮೇಲೆ ಹೋಗಿ ನೋಡಿದರೆ ರೆಕಾರ್ಡಿಂಗ್ ಯಾವಾಗಲೋ ನಿಂತಿದೆ, ಬ್ಯಾಟರಿ ಶೇ 9. ಮನೆ ಇನ್ನೂ 50 ಕಿಲೋಮೀಟರ್ ದೂರ. ಏನಾದರೂ ಆದರೆ ಫೋನ್ ಮಾಡೋಕೂ ಬ್ಯಾಟರಿ ಬೇಕಲ್ವಾ? ದಾರಿ ತೋರಿಸೋಕೆ ಬೇರೆಯೇ ಸಾಧನ ಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ನಾನು ಬೆಳಗಾವಿಯವಳು. 19 ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಸೈಕಲ್ ಶುರು ಮಾಡಿ ಆರು ವರ್ಷ ಆಯ್ತು. ಮೊದಲು ಹಳೇ ಕಾಲದ ವೈರ್ ಮೀಟರ್ ಇತ್ತು. ಗಾಲಿಯ ಕಡ್ಡಿಗೆ ಒಂದು ಮ್ಯಾಗ್ನೆಟ್, ಫೋರ್ಕ್‌ಗೆ ಒಂದು ಸೆನ್ಸರ್. ಗಾಲಿಯ ಸುತ್ತಳತೆಯನ್ನು ನಾವೇ ತುಂಬಬೇಕು. 700×28 ಟೈರ್ ಅಂದ್ರೆ ಸುಮಾರು 2,136 ಮಿಲಿಮೀಟರ್. ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಸೈಕಲ್ ಮೇಲೆ ಕೂತೇ ಒಂದು ಸುತ್ತು ಉರುಳಿಸಿ ಅಳೆದಿದ್ದೆ. ವೇಗ, ದೂರ ಎರಡನ್ನೂ ಅದು ಪಕ್ಕಾ ಹೇಳುತ್ತಿತ್ತು. ದಾರಿ ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ಜಿಪಿಎಸ್ ಸೈಕಲ್ ಕಂಪ್ಯೂಟರ್ ಹುಡುಕೋಕೆ ಹೊರಟರೆ ತಲೆ ತಿರುಗುತ್ತದೆ. ಗಾರ್ಮಿನ್, ವಾಹೂ, ಬ್ರೈಟನ್, ಐಜಿಪಿಸ್ಪೋರ್ಟ್ ಅಂತ ಹೆಸರುಗಳೇ ಎಷ್ಟೊಂದು. ಒಂದೊಂದರಲ್ಲೂ ನೂರು ಲೆಕ್ಕ. ಒಂದು ವಾರ ಸುಮ್ನೆ ಪಟ್ಟಿ ನೋಡಿ ನೋಡಿ ಸುಸ್ತಾದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು, ಸೈಕಲ್ ಮೇಲೆ ಇರುವಾಗ ನನಗೆ ನಿಜವಾಗಿ ಏಳುವ ಪ್ರಶ್ನೆಗಳನ್ನು ಬರೆದೆ. ಎಷ್ಟು ವೇಗದಲ್ಲಿದ್ದೇನೆ ಅನ್ನೋದು ಅದರಲ್ಲಿ ಬರಲೇ ಇಲ್ಲ. ಬಂದಿದ್ದು ಮೂರೇ. ಇನ್ನೆಷ್ಟು ಏರು? ಮುಂದೆ ಎಲ್ಲಿ ತಿರುಗಬೇಕು? ಮನೆ ಮುಟ್ಟುವ ತನಕ ಬ್ಯಾಟರಿ ಉಳಿಯುತ್ತಾ?

ಪುಣೆಯಲ್ಲಿ ಸೈಕಲ್ ಹೊಡೆಯುವವರಿಗೆ ಮೊದಲನೇ ಪ್ರಶ್ನೆ ದಿನಾ ಬರುತ್ತದೆ. ಊರು ಇರುವುದೇ ಸುಮಾರು 560 ಮೀಟರ್ ಎತ್ತರದಲ್ಲಿ. ಸಿಂಹಗಡದ ತುದಿ 1,300 ಮೀಟರ್ ಮುಟ್ಟುತ್ತದೆ. ಕಾತ್ರಜ್, ಬೋಪದೇವ್, ದಿವೆ, ಯಾವ ಕಡೆ ಹೊರಟರೂ ಒಂದು ಘಾಟ್ ಎದುರಾಗುತ್ತದೆ. ಏರಿನಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿದ್ದರೆ ಉಸಿರನ್ನು ಹಂಚಿಕೊಂಡು ಹತ್ತಬಹುದು. ಗೊತ್ತಿಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಇದೇ ಕೊನೆ ಅಂದುಕೊಂಡು ಜೋರು ತುಳಿಯುತ್ತೇವೆ. ಕಾಲು ಸೋಲುವುದು ಅಲ್ಲೇ.

ಏರನ್ನು ಅಳೆಯೋಕೆ ಉಪಗ್ರಹದ ಸಿಗ್ನಲ್ ಒಂದೇ ಸಾಲದು. ಜಿಪಿಎಸ್‌ನಲ್ಲಿ ಎತ್ತರದ ಲೆಕ್ಕ ಅಷ್ಟು ನಿಖರವಲ್ಲ. ಅದಕ್ಕೇ ಒಳ್ಳೆಯ ಸಾಧನಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಸುಮಾರು ಎಂಟು ಮೀಟರ್ ಮೇಲೆ ಹೋದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಆ ಚಿಕ್ಕ ವ್ಯತ್ಯಾಸ, ಸಾಗಿದ ದೂರ ಎರಡನ್ನೂ ಹಿಡಿದು ಸಾಧನ ಏರು ಎಷ್ಟು ಕಡಿದು ಅನ್ನೋದನ್ನು ಶೇಕಡಾದಲ್ಲಿ ತೋರಿಸುತ್ತದೆ. ಒಂದು ಮಾತು ನೆನಪಿಡಿ: ಹವೆ ಬದಲಾದರೂ ಒತ್ತಡ ಬದಲಾಗುತ್ತದೆ. ಬೆಳಗ್ಗೆ ಹೊರಟು ಸಂಜೆ ಅದೇ ಗೇಟಿಗೆ ವಾಪಸ್ ಬಂದಾಗ ಎತ್ತರ ಹತ್ತಿಪ್ಪತ್ತು ಮೀಟರ್ ಬೇರೆ ತೋರಿಸಿದರೆ ಸಾಧನ ಕೆಟ್ಟಿದೆ ಅಂತ ಗಾಬರಿ ಬೇಡ. ಮಳೆಯಲ್ಲಿ ಬ್ಯಾರೋಮೀಟರಿನ ಸಣ್ಣ ತೂತಿಗೆ ನೀರು ನಿಂತರೂ ಲೆಕ್ಕ ತಪ್ಪಬಹುದು. ನಾನು ಈಗ ನಿಂತಾಗಲೆಲ್ಲ ಒಮ್ಮೆ ಒದರಿ ಒರೆಸುತ್ತೇನೆ.

ಎರಡನೆಯದು ದಾರಿ. ಕಡಿಮೆ ಬೆಲೆಯ ಕೆಲವು ಸಾಧನಗಳಲ್ಲಿ ನಕ್ಷೆಯೇ ಇರಲ್ಲ. ಖಾಲಿ ಪರದೆ ಮೇಲೆ ಒಂದು ಗೆರೆ, ಆ ಗೆರೆ ಮೇಲೆ ನೀವು. ಗೊತ್ತಿರುವ ದಾರಿಗೆ ಅಷ್ಟು ಸಾಕು. ಹೊಸ ಊರಲ್ಲಿ, ಮೂರು ರಸ್ತೆ ಕೂಡಿದ ಕಡೆ, ಕತ್ತಲಲ್ಲಿ, ಆ ಗೆರೆ ನಂಬಿ ಹೋಗೋಕೆ ನನಗೆ ಧೈರ್ಯ ಇಲ್ಲ. ನನಗೆ ನಕ್ಷೆ ಬೇಕೇ ಬೇಕಿತ್ತು.

ಬ್ಯಾಟರಿ ವಿಚಾರಕ್ಕೆ ಬ್ರೆವೆ, ಅಂದ್ರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಲೆಕ್ಕವನ್ನೇ ಹಿಡಿದೆ. 200 ಕಿಲೋಮೀಟರ್ ಬ್ರೆವೆಗೆ 13 ಗಂಟೆ 30 ನಿಮಿಷ ಸಮಯ, 300ಕ್ಕೆ 20 ಗಂಟೆ. ಕಂಪನಿ ಹೇಳುವ ಪ್ರಕಾರ ವಾಹೂ ಬೋಲ್ಟ್‌ನ ಎರಡನೇ ಆವೃತ್ತಿಗೆ 15 ಗಂಟೆ, ಗಾರ್ಮಿನ್ ಎಡ್ಜ್ 530ಕ್ಕೆ 20 ಗಂಟೆ, ಬ್ರೈಟನ್ ರೈಡರ್ 420ಕ್ಕೆ 35 ಗಂಟೆ. ಯಾವುದೇ ಕಂಪನಿ ಇರಲಿ, ನಕ್ಷೆ ಹಿಡಿದು ಹೋದರೆ, ರಾತ್ರಿ ಬೆಳಕು ಹಾಕಿದರೆ ಅಷ್ಟು ಬರಲ್ಲ. ಆದ್ದರಿಂದ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡೇ ರೆಕಾರ್ಡ್ ಮಾಡುತ್ತಾ ಅಂತ ಕೇಳಿ ತಿಳಿದುಕೊಳ್ಳಿ. ಚಾರ್ಜಿಂಗ್ ತೂತು ಎಲ್ಲಿದೆ ಅಂತಲೂ ನೋಡಿ. ಮಳೆಯಲ್ಲಿ ಅದರ ರಬ್ಬರ್ ಮುಚ್ಚಳ ತೆರೆದಿಟ್ಟು ಹೋಗುವ ಹಾಗಿಲ್ಲ.

ಟಚ್ ಸ್ಕ್ರೀನಾ, ಬಟನ್ನಾ ಅನ್ನೋದು ಟೇಮ್‌ಘರ್ ಏರಿನಲ್ಲೇ ತೀರ್ಮಾನ ಆಗಿತ್ತು. ಬಟನ್. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಘಾಟ್‌ಗಳು ಹಸಿರಾಗಿರುತ್ತವೆ. ನಾನು ಜಾಸ್ತಿ ಸೈಕಲ್ ಹೊಡೆಯುವುದೂ ಆಗಲೇ. ಒದ್ದೆ ಕೈಗವಸಿನಲ್ಲಿ ಕಣ್ಣು ರಸ್ತೆ ಮೇಲಿಟ್ಟುಕೊಂಡೇ ಒತ್ತಲು ಬರಬೇಕು.

ಕೊನೆಗೆ ಎಡ್ಜ್ 530 ತೆಗೆದುಕೊಂಡೆ. 2019ರ ಮಾಡೆಲ್, ಸೆಕೆಂಡ್ ಹ್ಯಾಂಡ್, 15,000 ರೂಪಾಯಿ. ಬಾಣೇರ್‌ನ ಒಬ್ಬರು ಅಮೆರಿಕದಿಂದ ತರಿಸಿಕೊಂಡಿದ್ದು. ಕೊಡುವಾಗ ಅವರೇ ಹೇಳಿದರು, ಒಳಗಿರುವುದು ಅಲ್ಲಿಯ ನಕ್ಷೆ ಅಂತ. ಅದು ತೊಂದರೆ ಆಗಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಭಾರತದ ನಕ್ಷೆ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು, ಕೇಬಲ್ ಹಾಕಿ, ಗಾರ್ಮಿನ್ ಫೋಲ್ಡರ್‌ಗೆ ಹಾಕಿದೆ. ಆನ್ ಮಾಡಿದಾಗ ನಮ್ಮ ಕರ್ವೆ ರಸ್ತೆ, ಪಕ್ಕದ ಗಲ್ಲಿ ಎಲ್ಲ ಕಾಣಿಸಿತು. ತುಂಬಾ ಖುಷಿ ಆಯ್ತು.

ದುಡ್ಡು ಕೊಡುವ ಮುಂಚೆ ಕೇಳಿ ಒಂದು ದಿನ ಸೈಕಲ್ ಮೇಲೆ ಹಾಕಿಕೊಂಡು ಹೋಗಿದ್ದೆ. ಖಡಕವಾಸಲಾ, ಪಾನಶೇತ್ ಮುಗಿಸಿ ಆರು ಗಂಟೆ ಆದಮೇಲೆ ಶೇ 62 ಉಳಿದಿತ್ತು. ಹಳೆಯದನ್ನು ತಗೊಳ್ಳುವವರು ಈ ಪರೀಕ್ಷೆ ಬಿಡಬೇಡಿ. ವೇಗದ ಸೆನ್ಸರ್ ಬೇರೆ ತಗೊಂಡು ಹಿಂದಿನ ಗಾಲಿಯ ಹಬ್‌ಗೆ ಕಟ್ಟಿದ್ದೇನೆ. ಹಳೇ ಕಾತ್ರಜ್ ಸುರಂಗದೊಳಗೆ ಆಕಾಶ ಮರೆಯಾದರೂ ದೂರದ ಲೆಕ್ಕ ನಿಲ್ಲುವುದಿಲ್ಲ.

ಇದರಲ್ಲಿ ನನಗೆ ಬೇಕಾಗಿದ್ದುದು ಕ್ಲೈಂಬ್‌ಪ್ರೊ. ದಾರಿಯನ್ನು ಮೊದಲೇ ತುಂಬಿದ್ದರೆ, ಏರು ಶುರುವಾಗುತ್ತಿದ್ದ ಹಾಗೇ ಪರದೆ ತಾನೇ ಬದಲಾಗುತ್ತದೆ. ಎಷ್ಟು ದೂರ ಬಾಕಿ, ಎಷ್ಟು ಮೀಟರ್ ಹತ್ತಬೇಕು, ಮುಂದೆ ಎಲ್ಲಿ ಕಡಿದು ಅನ್ನೋದು ಬಣ್ಣದಲ್ಲಿ. 530ರಲ್ಲಿ ದಾರಿ ತುಂಬದೆ ಇದು ಬರುವುದಿಲ್ಲ. 2023ರ 540ರಲ್ಲಿ ದಾರಿ ತುಂಬದಿದ್ದರೂ ಬರುತ್ತದೆ. ದುಡ್ಡಿದ್ದವರು ಅದನ್ನೇ ನೋಡಿ. ನಾನಂತೂ ಹಿಂದಿನ ರಾತ್ರಿಯೇ ದಾರಿ ಬರೆದುಕೊಳ್ಳುವವಳು.

ಈಗ ಬರೆದಿಟ್ಟ ದಾರಿ ತವರಿನದು. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಡಿಸೆಂಬರ್‌ನಲ್ಲಿ ಹೊರಡುತ್ತೇವೆ, ಕರಾಡ್‌ನಲ್ಲಿ ರಾತ್ರಿ ವಸ್ತಿ. ಹಳೇ ಕಾತ್ರಜ್ ಘಾಟ್, ಆಮೇಲೆ ಖಂಬಾಟ್ಕಿ, ಮರುದಿನ ನಿಪ್ಪಾಣಿ ದಾಟಿದ ಮೇಲೆ ತವಂದಿ. ನಿಪ್ಪಾಣಿಯ ಹುಡುಗನೂ ಬರುತ್ತಿದ್ದಾನೆ. ಮೊನ್ನೆ ಭಾನುವಾರ ಚಹಾ ಕುಡಿಯುತ್ತಾ ಏರುಗಳ ಪಟ್ಟಿಯನ್ನು ಅವನಿಗೆ ತೋರಿಸಿದೆ. ತವಂದಿಯ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

"ಬಸ್ಸಿನ್ಯಾಗ ಕುಂತು ನೂರ ಸಲ ಹತ್ತೇನ್ರಿ ಅಕ್ಕಾರ. ಇಷ್ಟ ಉದ್ದ ಐತಿ ಅಂತ ಇವತ್ತ ಗೊತ್ತಾತು."